ನಡುರಾತ್ರಿ ಉಪ್ಪಿನಂಗಡಿಗೆ: ಎಂಬತ್ತರ ಮಿತಿಯಲ್ಲಿ ಓಡಿದ ಬಾಡಿಗೆ ಕಾರು

ಬೆಂಗಳೂರಿನ ರಾಜಾಜಿನಗರದ ಈ ಟ್ರಾವೆಲ್ಸ್ ಕಾರುಗಳನ್ನು ಮದುವೆಗೆ, ಧರ್ಮಸ್ಥಳ–ಸುಬ್ರಹ್ಮಣ್ಯದ ಯಾತ್ರೆಗೆ ಬಾಡಿಗೆಗೆ ಪಡೆದವರ ಅಭಿಪ್ರಾಯಗಳು ಈಗಾಗಲೇ ಸಾಕಷ್ಟಿವೆ. ನಾನು ಬರೆಯುತ್ತಿರುವುದು ಬೇರೆ ಬಗೆಯ ಪ್ರಯಾಣದ ಬಗ್ಗೆ. ಉಪ್ಪಿನಂಗಡಿಯಲ್ಲಿರುವ ನನ್ನ ದೊಡ್ಡಮ್ಮನನ್ನು ವೈದ್ಯರು ಮನೆಗೆ ಕಳುಹಿಸಿಯಾಗಿತ್ತು. ಉಸಿರಾಟ ಬದಲಾಗಿದೆ, ಬರುವುದಾದರೆ ಈಗಲೇ ಹೊರಡಿ ಎಂಬ ಕರೆ ಬಂದದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ. ಮಂಗಳೂರಿನ ಕಡೆಯ ರಾತ್ರಿ ರೈಲು ಮತ್ತು ಸ್ಲೀಪರ್ ಬಸ್ಸುಗಳು ಅಷ್ಟರಲ್ಲಿ ಹೊರಟುಹೋಗಿದ್ದವು. ಬೆಳಗಿನ ವಿಮಾನ ಹಿಡಿದು ಬಜ್ಪೆಯಲ್ಲಿ ಇಳಿದು ಅಲ್ಲಿಂದ ಮತ್ತೆ ಕಾರಿನಲ್ಲಿ ಉಪ್ಪಿನಂಗಡಿಗೆ ಹೋಗುವುದಕ್ಕಿಂತ ಆಗಲೇ ರಸ್ತೆಯಲ್ಲಿ ಹೊರಡುವುದೇ ಬೇಗ ಎಂಬುದು ಲೆಕ್ಕ ಹಾಕದೆಯೂ ತಿಳಿಯುವ ಸಂಗತಿ. ಸ್ವಂತ ಕಾರಿದ್ದರೂ ಅಂಥ ಮನಃಸ್ಥಿತಿಯಲ್ಲಿ ನಾನು ಘಾಟಿ ಇಳಿಸುವುದು ಬೇಡವೆಂದು ಹೆಂಡತಿ ಖಂಡಿತವಾಗಿ ಹೇಳಿದಳು. ಹಾಗಾಗಿ ಈ ಸಂಸ್ಥೆಗೆ ಕರೆ ಮಾಡಿದೆವು.

ಸೇವೆ ಹೇಗಿತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಬಾಗಿಲಿಗೆ ಬಂದ ಹೊತ್ತಿಗೆ ಮತ್ತು ಚಾಲಕರಿಗೆ ಪೂರ್ತಿ ಅಂಕ ಕೊಡುತ್ತೇನೆ. ಕಚೇರಿಯ ಮಾತಿಗೆ ಮತ್ತು ಬಿಲ್ಲಿಗೆ ಕೊಡಲಾರೆ. ಸಾವಿನ ಮನೆಗೆ ಧಾವಿಸುವವನು ಬಾಡಿಗೆ ಕಾರಿನಲ್ಲಿ ವೇಗವನ್ನು ಹುಡುಕುವುದು ಸಹಜ. ಆದರೆ ಆ ರಾತ್ರಿ ನಮಗೆ ನಿಜವಾಗಿ ಉಳಿದ ಸಮಯವೆಲ್ಲ ಮನೆಯ ಬಾಗಿಲಿನಲ್ಲೇ ಉಳಿಯಿತು. ಕರೆ ಮಾಡಿದ ಇಪ್ಪತ್ತೈದು ನಿಮಿಷದೊಳಗೆ ಡೀಸೆಲ್ ತುಂಬಿಸಿದ, ಟೈರಿನ ಗಾಳಿ ನೋಡಿದ, ಫಾಸ್ಟ್ಯಾಗಿನಲ್ಲಿ ಹಣವಿದ್ದ ಕಾರು ಗೇಟಿನ ಮುಂದೆ ನಿಂತಿತ್ತು. ಆ್ಯಪ್ ಮೂಲಕ ಹೊರಊರಿನ ಟ್ಯಾಕ್ಸಿ ಕಾದಿರಿಸಿದವರಿಗೆ ಇದರ ಬೆಲೆ ಗೊತ್ತು: ಮೊದಲ ಚಾಲಕ ಒಪ್ಪಿ ರದ್ದು ಮಾಡುತ್ತಾನೆ, ಎರಡನೆಯವನು ದಾರಿಯಲ್ಲಿ ಬಂಕಿಗೆ ತಿರುಗಿಸುತ್ತಾನೆ, ಮುಂಗಡ ಕೊಡಿ ಎನ್ನುತ್ತಾನೆ. ಹೀಗೆ ಮುಕ್ಕಾಲು ಗಂಟೆ ಕಳೆದುಕೊಂಡವರೇ ಆಮೇಲೆ ನೆಲಮಂಗಲ ದಾಟಿದ ಕೂಡಲೇ ಚಾಲಕನ ಹೆಗಲು ತಟ್ಟಲು ಶುರುಮಾಡುವುದು.

ಕಚೇರಿಯಲ್ಲಿ ಫೋನ್ ಎತ್ತಿದವರು ಮಾತ್ರ ಬೇರೆಯದೇ ಸರಕು ಮಾರುತ್ತಿದ್ದರು. “ಘಾಟಿ ಎಲ್ಲ ಲೆಕ್ಕಕ್ಕಿಲ್ಲ ಸಾರ್, ಐದು ಗಂಟೆಗೆಲ್ಲ ಊರಲ್ಲಿರ್ತೀರ” ಎಂದರು. ಸುಮಾರು ಮುನ್ನೂರು ಕಿಲೋಮೀಟರಿನ ದಾರಿ, ನಡುವೆ ಶಿರಾಡಿ ಘಾಟಿ, ಹೊರಡುವಾಗಲೇ ಗಂಟೆ ಒಂದರ ಹತ್ತಿರ. ದುಃಖದಲ್ಲಿರುವವನಿಗೆ ಸಮಾಧಾನ ಹೇಳುವ ರೀತಿ ಇದಲ್ಲ. ಆ ಮಾತನ್ನು ನಂಬಿ ಊರಿಗೆ ಫೋನ್ ಮಾಡಿ ಐದು ಗಂಟೆ ಎಂದು ಹೇಳಿದರೆ, ಅಲ್ಲಿಯವರು ಐದೂಕಾಲಿನಿಂದ ಕರೆ ಮಾಡಲು ತೊಡಗುತ್ತಾರೆ, ಆ ಒತ್ತಡವೆಲ್ಲ ಹೋಗಿ ಕೂರುವುದು ಸ್ಟೀರಿಂಗ್ ಹಿಡಿದವನ ಮೇಲೆ.

ಬಂದದ್ದು ಹಳದಿ ಬೋರ್ಡಿನ ಡಿಸೈರ್. ಹೊರಡುವ ಮೊದಲೇ ಚಾಲಕರು ಎರಡು ವಿಷಯ ತಿಳಿಸಿದರು. ಒಂದು, ತಾವು ಮಧ್ಯಾಹ್ನ ಮಲಗಿ ಎದ್ದವರು, ಹಗಲು ಗಾಡಿ ಓಡಿಸಿಲ್ಲ. ಇದನ್ನು ನಾವು ಕೇಳಿರಲಿಲ್ಲ, ಅವರೇ ಹೇಳಿದರು. ಕಾರ್ಮಿಕ ಕಾನೂನು ದಿನಕ್ಕೆ ಎಂಟು ಗಂಟೆಯ ದುಡಿಮೆ ಎನ್ನುತ್ತದೆಯಾದರೂ ಟ್ಯಾಕ್ಸಿ ಲೋಕದಲ್ಲಿ ಅದನ್ನು ಲೆಕ್ಕವಿಡುವವರು ವಿರಳ; ರಾತ್ರಿ ಬಾಡಿಗೆಗೆ ಕರೆ ಮಾಡುವವರು ದರ ಕೇಳುವ ಮೊದಲು ಈ ಪ್ರಶ್ನೆ ಕೇಳುವುದು ಒಳ್ಳೆಯದು. ಎರಡು, ಗಾಡಿಯಲ್ಲಿ ಸ್ಪೀಡ್ ಗವರ್ನರ್ ಇದೆ, ಎಂಬತ್ತರ ಮೇಲೆ ಹೋಗುವುದಿಲ್ಲ, ಆ ಸೀಲನ್ನು ತಾವು ಮುಟ್ಟಿಲ್ಲ.

ಈ ಎಂಬತ್ತರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇದೇ ಕಾರಣಕ್ಕೆ ಹಳದಿ ಬೋರ್ಡನ್ನು ಬಿಟ್ಟು ಬಿಳಿ ಬೋರ್ಡಿನ ಕಾರನ್ನು ಗುಟ್ಟಾಗಿ ಬಾಡಿಗೆಗೆ ಪಡೆಯುವವರಿದ್ದಾರೆ. ಟ್ಯಾಕ್ಸಿಯಾಗಿ ನೋಂದಣಿಯಾಗುವ ಕಾರುಗಳಿಗೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿ ಸಾಧನವನ್ನು ಕಾರ್ಖಾನೆಯಲ್ಲೋ ಡೀಲರರ ಬಳಿಯೋ ಅಳವಡಿಸಲಾಗುತ್ತದೆ. ಸ್ವಂತ ಬಳಕೆಯ ಕಾರಿಗೆ ಆ ಕಟ್ಟಿಲ್ಲ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ನಡುವಿಭಜಕವಿರುವ ಚತುಷ್ಪಥದಲ್ಲಿ ಅದರ ಮಿತಿ 100. ಚಾಲಕರ ವಲಯದಲ್ಲಿ ಈ ಸಾಧನದ ಬಗ್ಗೆ ಅಸಮಾಧಾನವಿದೆ, ಅದರಲ್ಲಿ ಒಂದು ಮಾತು ನ್ಯಾಯವಾದದ್ದೇ. ದ್ವಿಪಥ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುತ್ತಿರುವ ಲಾರಿಯನ್ನು ಎಂಬತ್ತರಲ್ಲಿ ಹಿಂದಿಕ್ಕಬೇಕಾದರೆ ಎಂಟು–ಒಂಬತ್ತು ಸೆಕೆಂಡು ಎದುರು ಪಥದಲ್ಲಿರಬೇಕಾಗುತ್ತದೆ, ಅಷ್ಟರಲ್ಲಿ ಕಾರು ಇನ್ನೂರು ಮೀಟರ್ ಓಡಿರುತ್ತದೆ. ಆದ್ದರಿಂದ ಎಂಬತ್ತರ ಗಾಡಿ ಓಡಿಸುವವನು ಹಿಂದಿಕ್ಕುವ ಆಸೆಯನ್ನು ಹತ್ತರಲ್ಲಿ ಎಂಟು ಸಲ ಬಿಡಬೇಕು. ನಮ್ಮ ಚಾಲಕರು ಬಿಟ್ಟರು. ಹಿಂದಿನ ಸೀಟಿನಲ್ಲಿ ಕುಳಿತವನಿಗೆ ಅದನ್ನು ನೋಡಿಕೊಂಡಿರುವುದು ಸುಲಭವಲ್ಲ ಎಂದೂ ಹೇಳಬೇಕು.

ನೆಲಮಂಗಲದಿಂದ ಹಾಸನದವರೆಗೆ ರಾಷ್ಟ್ರೀಯ ಹೆದ್ದಾರಿ 75 ಚತುಷ್ಪಥ, ಸುಮಾರು 160 ಕಿಲೋಮೀಟರ್. ಎಲ್ಲೂ ನಿಲ್ಲದೆ ಎಂಬತ್ತರಲ್ಲಿ ಹೋದರೆ ಎರಡು ಗಂಟೆ, ನೂರರಲ್ಲಿ ಒಂದು ಗಂಟೆ 36 ನಿಮಿಷ, ನೂರಿಪ್ಪತ್ತರಲ್ಲಿ ಒಂದು ಗಂಟೆ 20 ನಿಮಿಷ. ಕಾಗದದ ಮೇಲೆ ನಲವತ್ತು ನಿಮಿಷ ಉಳಿಯುತ್ತದೆ. ರಸ್ತೆಯ ಮೇಲೆ ಅಷ್ಟು ಉಳಿಯುವುದಿಲ್ಲ, ಏಕೆಂದರೆ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಎನ್ನುತ್ತ ಸಾಗುವಾಗ ಟೋಲ್, ಬ್ಯಾರಿಕೇಡ್, ಹಂಪು, ತಿರುವು ಪಡೆಯಲು ಅಡ್ಡ ನಿಂತ ಟ್ರ್ಯಾಕ್ಟರ್ ಇವೆಲ್ಲ ಎಲ್ಲ ಕಾರುಗಳನ್ನೂ ಒಂದೇ ವೇಗಕ್ಕೆ ಇಳಿಸುತ್ತವೆ. ಆ ಉಳಿತಾಯಕ್ಕೆ ತೆರುವ ಬೆಲೆ ಮಾತ್ರ ಪೂರ್ತಿಯಾಗಿಯೇ ತೆರಬೇಕು. ಎಂಬತ್ತರಲ್ಲಿ ಬ್ರೇಕ್ ಒತ್ತಿದ ಮೇಲೆ ಒಳ್ಳೆಯ ಡಾಂಬರಿನ ಮೇಲೆ ಕಾರು ನಿಲ್ಲಲು ಸುಮಾರು 35 ಮೀಟರ್ ಬೇಕಾದರೆ ನೂರಿಪ್ಪತ್ತರಲ್ಲಿ ಅದರ ಎರಡೂಕಾಲು ಪಟ್ಟು ಬೇಕು. ಕಣ್ಣು ಕಂಡದ್ದು ಕಾಲಿಗೆ ತಲುಪುವ ಆ ಒಂದು ಸೆಕೆಂಡಿನ ಓಟ ಇದರ ಮೇಲೆ. ಡಿಮ್‌ನಲ್ಲಿರುವ ಹೆಡ್‌ಲೈಟ್ ಅಷ್ಟು ದೂರ ತೋರಿಸುವುದಿಲ್ಲ. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇಕಡಾ 4ರಷ್ಟು ಏರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚಿನವರ ಸಾವು ಅತಿವೇಗದ ಖಾತೆಯಲ್ಲಿದೆ. ಅವರಲ್ಲಿ ಯಾರು ಯಾರ ಸಾವಿಗೆ ಹೊರಟಿದ್ದರು ಎಂಬ ಕಾಲಂ ಆ ವರದಿಯಲ್ಲಿಲ್ಲ.

ಕಾನೂನಿನ ಒಂದು ಅಂಶ ಹೆಚ್ಚಿನವರಿಗೆ ತಿಳಿದಿಲ್ಲವೆಂದು ತೋರುತ್ತದೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದೆ. ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ 188ನೇ ಸೆಕ್ಷನ್ ಅದೇ ಶಿಕ್ಷೆ ವಿಧಿಸುತ್ತದೆ. ಹಿಂದೆ ಕುಳಿತು “ಇನ್ನೂ ಸ್ವಲ್ಪ ಒತ್ತಿ” ಎನ್ನುವವರು ಕಾನೂನಿನ ಕಣ್ಣಿಗೆ ಬರಿಯ ಪ್ರಯಾಣಿಕರಲ್ಲ. ಹಾಗಿದ್ದರೂ ವಾಸ್ತವದಲ್ಲಿ ಲೈಸೆನ್ಸ್ ಕಳೆದುಕೊಳ್ಳುವುದು ಚಾಲಕನೇ, ನಮ್ಮ ದೊಡ್ಡಮ್ಮ ಯಾರೆಂದೂ ತಿಳಿಯದ ಚಾಲಕ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಂಡದ್ದು ಕುಣಿಗಲ್ ದಾಟುವಾಗ ಚಾಲಕರು ಆಡಿದ ಒಂದು ಮಾತು. ಊರಿನಿಂದ ಅತ್ತಿಗೆಯ ಎರಡನೆಯ ಕರೆ ಬಂದಿತ್ತು. ನನ್ನ ಹೆಂಡತಿ ಫೋನಿಟ್ಟು, ತುಳಸಿ ನೀರು ಬಿಟ್ಟರಂತೆ ಎಂದಳು. ಚಾಲಕರು ಕನ್ನಡಿಯಲ್ಲಿ ನೋಡದೆ, ದನಿಯೇರಿಸದೆ ಹೇಳಿದರು: “ಸಾರ್, ಬೇಜಾರು ಮಾಡ್ಕೋಬೇಡಿ. ಮನೆಯವ್ರು ಫೋನಲ್ಲಿ ಏನ್ ಹೇಳಿದ್ರೂ ನನಗೆ ಕೇಳ್ಸೋ ಹಾಗೆ ಮಾತಾಡ್ಬೇಡಿ. ಕೇಳಿಸ್ಕೊಂಡ್ರೆ ಕಾಲು ತಾನಾಗೇ ಒತ್ತುತ್ತೆ.” ಅಲ್ಲಿಂದ ಮುಂದೆ ನಾವು ಊರಿನವರೊಂದಿಗೆ ಸಂದೇಶದಲ್ಲಷ್ಟೇ ಮಾತನಾಡಿದೆವು. ಗವರ್ನರ್ ಇರುವ ಗಾಡಿಯನ್ನೂ ಅಪಾಯಕಾರಿಯಾಗಿ ಓಡಿಸಲು ಸಾಧ್ಯ: ತಿರುವಿನಲ್ಲಿ ಎಂಬತ್ತು, ಊರೊಳಗೆ ಎಂಬತ್ತು, ಮಂಜಿನಲ್ಲಿ ಎಂಬತ್ತು. ಸಾಧನ ತಡೆಯಲಾರದ್ದನ್ನು ತಡೆಯಲು ಇವರಿಗೆ ಒಂದು ಪದ್ಧತಿ ಇತ್ತು. ಯಾವ ಟ್ರಾವೆಲ್ಸ್‌ನವರೂ ಇದನ್ನು ಕಲಿಸಿರಲಾರರು.

ಚನ್ನರಾಯಪಟ್ಟಣದ ಆಚೆ ಮೂರು ಗಂಟೆಯ ಸುಮಾರಿಗೆ ಅವರು ಚಹಾಕ್ಕೆ ನಿಲ್ಲಿಸಿದರು, ಮುಖ ತೊಳೆದರು, ಗಾಜು ಒರೆಸಿದರು, ಸಕಲೇಶಪುರದ ಕಡೆಯ ಪರಿಚಿತ ಚಾಲಕರೊಬ್ಬರಿಗೆ ಫೋನ್ ಮಾಡಿ ಘಾಟಿಯ ಸ್ಥಿತಿ ವಿಚಾರಿಸಿದರು. ಹತ್ತು ನಿಮಿಷ ಹೋಯಿತು. ಕಣ್ಣು ತಾನಾಗಿ ಮುಚ್ಚುವ ಹೊತ್ತು ಅದು, ಹಾಗಾಗಿ ಆ ಹತ್ತು ನಿಮಿಷವನ್ನೂ ಸೇವೆಯ ಭಾಗವೆಂದೇ ಎಣಿಸುತ್ತೇನೆ. ಘಾಟಿಯ ಸ್ಥಿತಿಯನ್ನು ವಿಚಾರಿಸುವ ಕೆಲಸ ಮಾತ್ರ ಕಚೇರಿಯದಾಗಬೇಕಿತ್ತು. ಮಳೆಗಾಲದಲ್ಲಿ ದೋಣಿಗಾಲ್ ಬಳಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಹೊಸದಲ್ಲ. ಮುಚ್ಚಿದೆಯೆಂದು ಸಕಲೇಶಪುರದಲ್ಲಿ ತಿಳಿದು ಚಾರ್ಮಾಡಿಗೋ ಸಂಪಾಜೆಗೋ ತಿರುಗಬೇಕಾಗಿ ಬಂದರೆ, ಹಾಸನದವರೆಗೆ ನೂರಿಪ್ಪತ್ತರಲ್ಲಿ ಗಳಿಸಿದ್ದೆಲ್ಲ ಅಲ್ಲೇ ಕರಗುತ್ತದೆ.

ಶಿರಾಡಿಯ 26 ಕಿಲೋಮೀಟರನ್ನು 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಮಾಡಿದ ಮೇಲೆ ಹೊಂಡಗಳ ಕಾಟ ತಪ್ಪಿತು, ಅದರೊಂದಿಗೆ ವೇಗದ ಆಮಿಷವೂ ಬಂತು. ಒಂದು ಬದಿಗೆ ಕೆಂಪುಹೊಳೆಯ ಇಳಿಜಾರು, ಇನ್ನೊಂದು ಬದಿಗೆ ಗುಡ್ಡ, ಎದುರಿನಿಂದ ಮಂಗಳೂರಿನ ಗ್ಯಾಸ್ ಟ್ಯಾಂಕರುಗಳು, ಕಂಟೇನರುಗಳು. ಕಾಡಾನೆಯ ಭಯ ಬೇರೆ. ಉಪ್ಪಿನಂಗಡಿಯವರಿಗೆ ಟ್ಯಾಂಕರಿನ ಬಗ್ಗೆ ಹೇಳಬೇಕಾಗಿಲ್ಲ. ನಮ್ಮೂರಿನ ಪಕ್ಕದ ಪೆರ್ನೆಯಲ್ಲಿ 2013ರಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡದ್ದನ್ನು ಮರೆತವರಿಲ್ಲ. ನಮ್ಮ ಮುಂದೆ ಟ್ಯಾಂಕರುಗಳ ಸಾಲೇ ಇತ್ತು. ಗುಂಡ್ಯದವರೆಗೆ ಅದರ ಹಿಂದೆಯೇ ಇಳಿದೆವು. ಆರೂವರೆಯ ಹೊತ್ತಿಗೆ ಮನೆ ತಲುಪಿದೆವು. ದೊಡ್ಡಮ್ಮನಿಗೆ ಆಗ ಅರಿವಿತ್ತು, ಮಧ್ಯಾಹ್ನದವರೆಗೆ ಇದ್ದರು.

ಹೋಲಿಕೆಗೆ ಒಂದು ಪ್ರಯಾಣ ತಾನಾಗಿ ಒದಗಿದೆ. ದೊಡ್ಡಮ್ಮನ ಮಗ, ನನ್ನ ಅಣ್ಣ, ಬೆಂಗಳೂರಿನಿಂದಲೇ ಸುಮಾರು ಅದೇ ಹೊತ್ತಿಗೆ ಬೇರೆಯವರ ಬಿಳಿ ಬೋರ್ಡಿನ ಕಾರಿನಲ್ಲಿ ಹೊರಟಿದ್ದ. ಪರ್ಮಿಟ್ ಇಲ್ಲದ ಬಾಡಿಗೆ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವಂಥದ್ದು. ಅವನ ಮಾತಿನಲ್ಲೇ ಹೇಳುವುದಾದರೆ ಮುಳ್ಳು ನೂರಿಪ್ಪತ್ತರಿಂದ ಇಳಿದದ್ದು ಟೋಲಿನಲ್ಲಿ ಮಾತ್ರ. ಹಾಸನದ ಬಳಿ ಅವನು ನಮಗಿಂತ ಸಾಕಷ್ಟು ಮುಂದಿದ್ದ. ಮಾರನಹಳ್ಳಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಕೊನೆಗೆ ನಮಗಿಂತ ಕಾಲು ಗಂಟೆ ಮೊದಲು ಅಂಗಳಕ್ಕೆ ಬಂದ. ಬಂದವನು ಒಳಗೆ ಹೋಗಲಾರದೆ ಜಗಲಿಯಲ್ಲಿ ಕುಳಿತಿದ್ದ, ಕೈ ನಡುಗುತ್ತಿತ್ತು. ಆ ನಡುಕದಲ್ಲಿ ದುಃಖವೆಷ್ಟು, ರಸ್ತೆಯ ಭಯವೆಷ್ಟು ಎಂದು ನಾನು ಕೇಳಲಿಲ್ಲ.

ಆ ಕಾಲು ಗಂಟೆಯೇ ಕೊನೆಯ ಕಾಲು ಗಂಟೆಯಾಗಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಗ ಅಣ್ಣ ತಾಯಿಯ ಮುಖ ನೋಡುತ್ತಿದ್ದ, ನಾವು ನೋಡುತ್ತಿರಲಿಲ್ಲ. ಆ ನೋವು ನಮಗೆ ಉಳಿಯುತ್ತಿತ್ತು. ಆದರೆ ಕಾಲು ಗಂಟೆಯ ಹಿಂದೆ ಮುಂದೆ ಏನಾಗಲಿದೆ ಎಂಬುದು ಹೊರಡುವಾಗ ಯಾರಿಗೂ ತಿಳಿದಿರುವುದಿಲ್ಲ, ತಿಳಿದಿರುವುದು ರಸ್ತೆ ಮಾತ್ರ. ಆಗಲೂ ಚಾಲಕರಿಗೆ ನಾನು ಇಷ್ಟೇ ಅಂಕ ಕೊಡುತ್ತಿದ್ದೆ. ಈಗ ಸಮಾಧಾನದಿಂದ ಬರೆಯುತ್ತಿದ್ದೇನೆ, ಆಗ ಕಷ್ಟಪಟ್ಟು ಬರೆಯುತ್ತಿದ್ದೆ.

ಇನ್ನು ಬಿಲ್ಲು. ಕಿಲೋಮೀಟರಿಗೆ 13 ರೂಪಾಯಿ, ಹೋಗಿ ಬರುವ ಎರಡೂ ದಾರಿಗೆ. ಟೋಲ್, ಚಾಲಕರ ಬಾಟಾ, ರಾತ್ರಿ ಭತ್ಯೆ ಪ್ರತ್ಯೇಕ. ಕಾರು ಖಾಲಿಯಾಗಿ ಮರಳಬೇಕಾದ್ದರಿಂದ ಎರಡು ದಾರಿಯ ದರ ಪಡೆಯುವುದು ಈ ವ್ಯವಹಾರದ ರೂಢಿ, ಅದಕ್ಕೆ ತಕರಾರಿಲ್ಲ. ಆದರೆ ನಮ್ಮ ಕಾರು ಖಾಲಿಯಾಗಿ ಮರಳಲಿಲ್ಲ. ನಾವು ಕಾಫಿ ಕೊಟ್ಟು, ಹಿಂದಿನ ಕೋಣೆಯಲ್ಲಿ ಮಲಗಿ ಹೋಗಿ ಎನ್ನುತ್ತಿರುವಾಗಲೇ ಕಚೇರಿಯಿಂದ ಚಾಲಕರಿಗೆ ಕರೆ ಬಂತು: ಹತ್ತು ಗಂಟೆಗೆ ಮಂಗಳೂರಿನಲ್ಲಿ ಬೆಂಗಳೂರಿಗೆ ಬರುವ ಗಿರಾಕಿಯೊಬ್ಬರಿದ್ದಾರೆ, ಹತ್ತಿಸಿಕೊಂಡು ಬನ್ನಿ. ಒಂದೇ ಮರುದಾರಿಗೆ ಇಬ್ಬರಿಂದ ಹಣ ಪಡೆದದ್ದು ನನ್ನ ಸಣ್ಣ ದೂರು. ರಾತ್ರಿಯಿಡೀ ಎಚ್ಚರವಿದ್ದವರನ್ನು ಮತ್ತೆ 350 ಕಿಲೋಮೀಟರ್ ಓಡಿಸಲು ಹೊರಟದ್ದು ದೊಡ್ಡ ದೂರು. ಮಂಗಳೂರಿನ ಆ ಗಿರಾಕಿಗೆ ತಮ್ಮ ಚಾಲಕರು ಮಲಗಿ ಎಷ್ಟು ಹೊತ್ತಾಯಿತೆಂದು ಯಾರೂ ಹೇಳಿರಲಾರರು. ಚಾಲಕರು ಒಂಬತ್ತರವರೆಗೆ ಮಲಗಿ ಎದ್ದು ಹೋದರು. ವಾರದ ಬಳಿಕ ಕಚೇರಿಗೆ ಫೋನ್ ಮಾಡಿ ಈ ಎರಡನ್ನೂ ಹೇಳಿದಾಗ, ಮರುದಾರಿಯ ಹಣದಲ್ಲಿ ಸ್ವಲ್ಪ ಹಿಂದಿರುಗಿಸುತ್ತೇವೆ ಎಂದರು, ಎರಡನೆಯದಕ್ಕೆ “ಅದು ನಮ್ಮ ಡ್ಯೂಟಿ ವಿಷಯ ಸಾರ್” ಎಂದರು. ಐದರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದೇನೆ. ಮೂರೂ ಚಾಲಕರಿಗೆ ಸಲ್ಲಬೇಕಾದವು.