ನೇಮ್‌ಸ್ಪೇಸ್ ಹಂಚಿಕೊಳ್ಳುವುದಾ, ನಕಲು ಮಾಡುವುದಾ? ಅಂಗಡಿಯಲ್ಲಿ ನಾನು ಮಾಡಿ ನೋಡಿದ್ದು

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಇರುವ ಎರಡೂ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್. ಲಗ್ನಪತ್ರಿಕೆ ಕೆಲಸವೇ ಜಾಸ್ತಿ. ಅಕ್ಕನ ಮದುವೆಗೆ ಮಾಡಿಸಿದ್ದವರು ಐದು ವರ್ಷ ಬಿಟ್ಟು ತಂಗಿ ಮದುವೆಗೆ ಬರುತ್ತಾರೆ. “ಅದೇ ಥರ ಇರಲಿ ಅಣ್ಣ” ಅನ್ನುತ್ತಾರೆ. ಹಳೆ ಫೈಲು ತೆಗೆದರೆ ಅದೇ ಹೆಸರಿನ ಫಾಂಟಿನ ಹೊಸ ಆವೃತ್ತಿ ಕೂತಿರುತ್ತದೆ, ಸಾಲುಗಳೆಲ್ಲ ಸರಿದಿರುತ್ತವೆ. ಆ ಒಂದು ಫೈಲಿಗೆ ಮಾತ್ರ ಹಳೆ ಫಾಂಟಿನ ಫೋಲ್ಡರ್ ಕಾಣಬೇಕು. ಉಳಿದ ಕೆಲಸಕ್ಕೆ ಹೊಸದೇ ಇರಬೇಕು.

ನೇಮ್‌ಸ್ಪೇಸ್ ಇರುವುದೇ ಇಂಥದ್ದಕ್ಕೆ. ಯಾವ ಹೆಸರಿನ ಜಾಗದಲ್ಲಿ ಯಾವ ಫೋಲ್ಡರ್ ಕಾಣಬೇಕು ಅನ್ನುವ ಪಟ್ಟಿ ಅದು. ಒಂದು ಪ್ರೋಸೆಸ್ (ಅಂದರೆ ಓಡುತ್ತಿರುವ ಪ್ರೋಗ್ರಾಂ) ಇನ್ನೊಂದನ್ನು ಹುಟ್ಟಿಸಿದಾಗ ಇಬ್ಬರಿಗೂ ಒಂದೇ ಪಟ್ಟಿ ಇರಬಹುದು, ಇಲ್ಲಾ ಮಗುವಿಗೆ ಬೇರೆ ನಕಲು ಸಿಗಬಹುದು. ಎರಡನ್ನೂ ಮಾಡಿ ನೋಡಿದೆ.

ಮೊದಲು ಪ್ಲಾನ್ 9. ಬೆಲ್ ಲ್ಯಾಬ್ಸ್‌ನಲ್ಲಿ ರಾಬ್ ಪೈಕ್, ಕೆನ್ ಥಾಂಪ್ಸನ್ ಮುಂತಾದವರು ಕಟ್ಟಿದ ಆಪರೇಟಿಂಗ್ ಸಿಸ್ಟಂ ಅದು. 2011ರಲ್ಲಿ ಅದರಿಂದ ಕವಲೊಡೆದ ನೈನ್‌ಫ್ರಂಟನ್ನು ಮನೆ ಲ್ಯಾಪ್‌ಟಾಪಿನಲ್ಲಿ ಕ್ಯೂಎಮು (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಪ್ರೋಗ್ರಾಂ) ಒಳಗೆ ಹಾಕಿಕೊಂಡೆ. ಒಂದು ಕಿಟಕಿಯಲ್ಲಿ ‘ಆರ್‌ಸಿ’ ಅಂತ ಟೈಪ್ ಮಾಡಿ ಇನ್ನೊಂದು ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ತೆರೆದೆ. ಅದರೊಳಗೆ ‘ಬೈಂಡ್’ ಕೊಟ್ಟು ಒಂದು ಫೋಲ್ಡರ್ ಮೇಲೆ ಇನ್ನೊಂದನ್ನು ಕೂರಿಸಿ ಹೊರಗೆ ಬಂದೆ. ಹೊರಗಿನ ಶೆಲ್ಲಿಗೂ ಹೊಸ ಫೋಲ್ಡರೇ ಕಾಣುತ್ತಿತ್ತು! ಅಂದರೆ ಇಬ್ಬರದೂ ಒಂದೇ ಪಟ್ಟಿ. ಪಕ್ಕದ ಕಿಟಕಿಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ, ಯಾಕಂದರೆ ಅಲ್ಲಿ ಕಿಟಕಿಗಳನ್ನು ನೋಡಿಕೊಳ್ಳುವ ರಿಯೋ ಪ್ರತಿ ಕಿಟಕಿಗೂ ಬೇರೆ ನಕಲು ಕೊಡುತ್ತದೆ.

ಆಮೇಲೆ ಒಳಗಿನ ಶೆಲ್ಲಿನಲ್ಲಿ ಮೊದಲು ‘ಆರ್‌ಫೋರ್ಕ್ ಎನ್’ ಕೊಟ್ಟು ಅದೇ ಕೆಲಸ ಮಾಡಿದೆ. ಈ ಸಲ ಹೊರಗೆ ಬಂದರೆ ಎಲ್ಲ ಮೊದಲಿನಂತೆಯೇ ಇತ್ತು. ಒಂದೇ ಒಂದು ಕಮಾಂಡಿನ ವ್ಯತ್ಯಾಸ, ಒಳಗಿನ ಶೆಲ್ಲಿಗೆ ಬೇರೆ ನಕಲು ಸಿಕ್ಕಿತ್ತು. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಪಾಸ್‌ವರ್ಡ್ ಕೇಳಲಿಲ್ಲ. ‘ಎನ್‌ಎಸ್’ ಅಂದರೆ ಇಡೀ ಪಟ್ಟಿಯನ್ನು ಬೈಂಡ್, ಮೌಂಟ್ (ಡಿಸ್ಕ್ ಮುಂತಾದ್ದನ್ನು ಒಂದು ಫೋಲ್ಡರಿನ ಜಾಗದಲ್ಲಿ ಜೋಡಿಸುವುದು) ಸಾಲುಗಳಾಗಿಯೇ ತೋರಿಸುತ್ತದೆ. ಇಷ್ಟು ಸ್ಪಷ್ಟವಾಗಿ ಇದನ್ನು ಕಲಿಸುವ ಸಿಸ್ಟಂ ನಾನು ಬೇರೆ ನೋಡಿಲ್ಲ. ಕಲಿಯುವ ಹುಡುಗರು ಅಲ್ಲಿಂದಲೇ ಶುರು ಮಾಡಲಿ ಅಂತ ಮನಸಾರೆ ಹೇಳುತ್ತೇನೆ. ಆದರೆ ಲಗ್ನಪತ್ರಿಕೆ ಅದರಲ್ಲಿ ಮಾಡೋಕಾಗಲ್ಲ, ಅಲ್ವಾ?

ಅಂಗಡಿಯ ಲಿನಕ್ಸಿನಲ್ಲೂ ಸುಮ್ನೆ ಮೌಂಟ್ ಕೊಟ್ಟರೆ ಅದು ಎಲ್ಲರಿಗೂ ಕಾಣುತ್ತದೆ. ಹಂಚಿಕೊಂಡ ಪಟ್ಟಿಯಲ್ಲೇ ಹಳೆ ಫಾಂಟ್ ಕೂರಿಸಿದ ದಿನ ಇನ್ನೊಂದು ಕಿಟಕಿಯಲ್ಲಿದ್ದ ಗೃಹಪ್ರವೇಶದ ಕಾರ್ಡಿನ ಸಾಲುಗಳೂ ಸರಿದವು. ಆ ದಾರಿ ಅಲ್ಲಿಗೇ ಬಿಟ್ಟೆ.

ನಕಲು ಬೇಕೆಂದರೆ ‘ಸುಡೋ ಅನ್‌ಶೇರ್ -ಎಂ’. ಸುಡೋ ಅಂದರೆ ರೂಟ್ ಆಗಿ ನಡೆಸು ಅಂತ. ಲಿನಕ್ಸಿಗೆ ಮೌಂಟ್ ನೇಮ್‌ಸ್ಪೇಸ್ ಬಂದದ್ದು 2002ರಲ್ಲಿ, 2.4.19ರ ಕರ್ನಲ್ (ಲಿನಕ್ಸಿನ ತಿರುಳು) ಜೊತೆ. ನಕಲಿನೊಳಗೆ ಹಳೆ ಫಾಂಟ್ ಫೋಲ್ಡರನ್ನು ಬೈಂಡ್ ಮೌಂಟ್ ಮಾಡಿ, ನಮ್ಮ ಯೂಸರ್‌ಗೆ ಮರಳಿ, ಲಿಬ್ರೆಆಫೀಸ್ ತೆರೆಯಬೇಕು. ಲಿಬ್ರೆಆಫೀಸ್ ಮೊದಲೇ ಹೊರಗೆ ತೆರೆದಿದ್ದರೆ ಮುಚ್ಚಿರಬೇಕು. ಇಲ್ಲದಿದ್ದರೆ ಫೈಲು ಆ ಹಳೆ ಪ್ರೋಸೆಸ್‌ಗೇ ಹೋಗುತ್ತದೆ, ಅದು ನಕಲಿನ ಹೊರಗಿರುತ್ತದೆ. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಇದು.

ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಗಿರಾಕಿಯ ಪೆನ್‌ಡ್ರೈವ್ ಚುಚ್ಚಿದ್ದಾಗಲೇ ಅನ್‌ಶೇರ್ ಕೊಟ್ಟಿದ್ದೆ. ಫೋಟೋ ಹಾಕಿಕೊಟ್ಟು, ಹೊರಗಿನ ಶೆಲ್ಲಿನಲ್ಲಿ ಅನ್‌ಮೌಂಟ್ ಕೊಟ್ಟೆ. ತಕರಾರಿಲ್ಲದೆ ಮುಗಿಯಿತು, ಕಿತ್ತುಕೊಟ್ಟೆ. ಮನೆಗೆ ಹೋದವರು ಫೋನ್ ಮಾಡಿದರು: ಕೊನೆಯ ಫೋಟೋಗಳು ತೆರೆಯುತ್ತಿಲ್ಲ. ಪಟ್ಟಿಯ ನಕಲು ಮಾಡಿದಾಗ ಪೆನ್‌ಡ್ರೈವಿನ ಮೌಂಟ್ ಕೂಡ ಒಳಗೆ ನಕಲಾಗಿತ್ತು. ಅನ್‌ಶೇರ್ ಕಮಾಂಡ್ ತಾನಾಗೇ ಎಲ್ಲವನ್ನೂ ‘ಪ್ರೈವೇಟ್’ ಮಾಡುತ್ತದೆ. ಹಾಗಾಗಿ ಹೊರಗಿನ ಅನ್‌ಮೌಂಟ್ ಒಳಗೆ ತಲುಪಿರಲಿಲ್ಲ. ಒಳಗೆ ಇನ್ನೂ ಮೌಂಟ್ ಇದ್ದದ್ದರಿಂದ ಡೇಟಾ ಪೂರ್ತಿ ಬರೆದಾಗುವ ಮೊದಲೇ ಕಿತ್ತಿದ್ದೆ. ಪಾಪ, ಅವರು ಮತ್ತೆ ಬರಬೇಕಾಯಿತು.

ಈಗ ನಾನು ಬಳಸುವುದು ಇವೆರಡರ ನಡುವಿನದು: ‘ಸುಡೋ ಅನ್‌ಶೇರ್ -ಎಂ --ಪ್ರಾಪಗೇಶನ್ ಸ್ಲೇವ್’. ಇದೂ ನಕಲೇ. ಆದರೆ ಹೊರಗೆ ಆಗುವ ಮೌಂಟ್, ಅನ್‌ಮೌಂಟ್ ಒಳಗೂ ಬರುತ್ತವೆ. ಒಳಗೆ ಮಾಡಿದ್ದು ಹೊರಗೆ ಹೋಗುವುದಿಲ್ಲ. ಹಳೆ ಫಾಂಟ್ ಒಳಗೇ ಉಳಿಯುತ್ತದೆ, ಪೆನ್‌ಡ್ರೈವ್ ಎರಡೂ ಕಡೆಯಿಂದ ಒಟ್ಟಿಗೆ ಕಳಚುತ್ತದೆ. ಪ್ಲಾನ್ 9ರಲ್ಲಿ ಹೀಗೆ ಒಂದೇ ಕಡೆಗೆ ಹರಿಯುವ ನಕಲು ಇಲ್ಲ. ಅಲ್ಲಿ ಹಂಚಿಕೊಳ್ಳಬೇಕು, ಇಲ್ಲಾ ಬೇರೆಯಾಗಬೇಕು. ನಮ್ಮ ಅಂಗಡಿಗೆ ಮಾತ್ರ ಸ್ಲೇವ್ ಬೇಕೇ ಬೇಕು.

ಪೆನ್‌ಡ್ರೈವ್ ಕೀಳುವ ಮೊದಲು ನಕಲಿನೊಳಗಿನ ಶೆಲ್ಲಿನಲ್ಲಿ ‘ಫೈಂಡ್‌ಮೌಂಟ್’ ಕೊಟ್ಟು ನೋಡುತ್ತೇನೆ. ಆ ಪಟ್ಟಿಯಲ್ಲಿ ಪೆನ್‌ಡ್ರೈವ್ ಹೆಸರು ಹೋಗಿದ್ದರೆ ಮಾತ್ರ ಗಿರಾಕಿಯ ಕೈಗೆ.