18 ಸಾವಿರದ ಕೆಲಸ 74 ಸಾವಿರಕ್ಕೆ ಏರಿದ್ದು ಹೇಗೆ: ಹಳೆ ಕಾರಿನ ಹೆಡ್ ಇಳಿಸುವ ಮುನ್ನ ಓದಿ

"ಮೊದ್ಲ ಬಿಚ್ಚಿ ನೋಡೂಣ್ರಿ ಸರ್, ಆಮ್ಯಾಲೆ ರೇಟ್ ಹೇಳ್ತೀನಿ." ಹತ್ತು-ಹನ್ನೆರಡು ವರ್ಷ ದಾಟಿದ ಕಾರು ಇಟ್ಟುಕೊಂಡವರು ಈ ಮಾತಿಗೆ ತಕ್ಷಣ ಹೂಂ ಅನ್ನಬೇಡಿ. ಎಂಜಿನ್ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಒಮ್ಮೆ ಇಳಿಯಿತೆಂದರೆ ಗಾಡಿಯನ್ನು ಬೇರೆ ಕಡೆ ಒಯ್ಯಲೂ ಆಗುವುದಿಲ್ಲ, ಇದ್ದಂತೆ ಮಾರಲೂ ಆಗುವುದಿಲ್ಲ.

ಧಾರವಾಡದ ನಿವೃತ್ತ ಶಿಕ್ಷಕರೊಬ್ಬರ 2010ರ ಡೀಸೆಲ್ ಕಾರಿಗೆ ಆದದ್ದು ಇದು. ಅಂಕೋಲಾದಿಂದ ಬರುವಾಗ ಅರಬೈಲ್ ಘಟ್ಟದಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ದಾರಿಯಲ್ಲಿ ಸಿಕ್ಕ ಬೋರ್ ನೀರು ಸುರಿದು ಹುಬ್ಬಳ್ಳಿವರೆಗೆ ಓಡಿಸಿಕೊಂಡು ಬಂದರು. ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ ಅಂದರು. ಗ್ಯಾಸ್ಕೆಟ್, ಫೇಸಿಂಗ್ (ಹೆಡ್ಡಿನ ತಳವನ್ನು ಉಜ್ಜಿ ಸಪಾಟು ಮಾಡುವುದು), ಕೂಲಿ ಸೇರಿ 18 ಸಾವಿರ. ಕೆಲವೇ ವಾರಗಳಲ್ಲಿ ಮತ್ತೆ ಕಾದು, ಎಂಜಿನ್ ಆಯಿಲಿಗೆ ನೀರು ಸೇರಿತು. ಎರಡನೇ ಸಲ ಇಳಿಸಿದಾಗ ವಾಲ್ವುಗಳ ನಡುವೆ ಹೆಡ್ ಸೀಳಿದ್ದು ಕಂಡಿತು. ಸೆಕೆಂಡ್ ಹ್ಯಾಂಡ್ ಹೆಡ್‌ಗೆ 22 ಸಾವಿರ, ಬೇರಿಂಗ್ ಕೆಲಸಕ್ಕೆ 15, ರೇಡಿಯೇಟರ್-ಥರ್ಮೋಸ್ಟಾಟ್‌ಗೆ 9, ಮತ್ತೆ ಕೂಲಿ 10. ಮೊದಲಿನದೂ ಸೇರಿ 74 ಸಾವಿರ. ಸುಸ್ಥಿತಿಯಲ್ಲಿದ್ದರೂ ಆ ಗಾಡಿಗೆ 1.30 ಲಕ್ಷಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಆರ್‌ಸಿಯ 15 ವರ್ಷ ಮುಗಿಯಲು ಉಳಿದಿದ್ದದ್ದು ಏಳು ತಿಂಗಳು.

ಇಲ್ಲಿ ಮೆಕ್ಯಾನಿಕ್ ಮೋಸ ಮಾಡಿದ ಎನ್ನಲಾಗದು. ಕೆಲಸದ ಕ್ರಮ ತಲೆಕೆಳಗಾಗಿತ್ತು. ಗಾಡಿ ಕಾದದ್ದು ಗ್ಯಾಸ್ಕೆಟ್ ಹೋಗಿದ್ದರಿಂದಲ್ಲ, ಕಾದದ್ದರಿಂದ ಗ್ಯಾಸ್ಕೆಟ್ ಹೋಯಿತು. ನಮ್ಮ ಕಡೆಯ ಬೋರ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಹಾಕಿದರೆ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಊರೊಳಗೆ ಓಡಾಡುವಾಗ ಅದು ಗೊತ್ತಾಗುವುದೇ ಇಲ್ಲ. ಘಟ್ಟ ಹತ್ತುವಾಗ ಗೊತ್ತಾಗುತ್ತದೆ. ಅರ್ಧ ಕಟ್ಟಿದ ರೇಡಿಯೇಟರನ್ನು ಹಾಗೆಯೇ ಬಿಟ್ಟು ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಹೋಗುತ್ತದೆ.

ಹೆಡ್ ಇಳಿಸುವ ಮುನ್ನ ಮಾಡಿಸಬೇಕಾದ ಪರೀಕ್ಷೆಗಳಿಗೆ ಅರ್ಧ ದಿನ ಸಾಕು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಕೂಲಂಟ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ನೀರಿಗೆ ನುಗ್ಗುತ್ತಿದೆ. ಖಚಿತ ಮಾಡಿಕೊಳ್ಳಲು ನೀಲಿ ದ್ರವದ ಟೆಸ್ಟರ್ ಇದೆ, ಹೊಗೆಯ ಅಂಶ ತಗುಲಿದರೆ ಬಣ್ಣ ಬದಲಾಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಎನ್ನಬೇಡಿ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೂ ಹಾಗಾಗುತ್ತದೆ, ಡಿಪ್‌ಸ್ಟಿಕ್‌ನಲ್ಲೂ ಕಂಡರೆ ಮಾತ್ರ ಗಂಭೀರ. ಬಿಸಿಯಾದಾಗ ಕೂಲಂಟ್‌ಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಕುದಿಯುವ ನೀರಿಗೆ ಹಾಕಿದರೆ ಬಾಯಿ ತೆರೆಯಬೇಕು. ಫ್ಯಾನ್ ತಾನಾಗಿ ಓಡಬೇಕು. ಕೂಲಂಟ್ ಮುಚ್ಚಳದ ಮೇಲೆ ಬರೆದಷ್ಟು ಒತ್ತಡವನ್ನು ಕೈಪಂಪಿನಿಂದ ರೇಡಿಯೇಟರಿಗೆ ಕೊಟ್ಟು ಹತ್ತು ನಿಮಿಷ ಬಿಟ್ಟರೆ ಪಂಪಿನ ಮುಳ್ಳು ಇಳಿಯಬಾರದು.

ಇಳಿಸಲೇಬೇಕಾದರೆ ಮೊದಲು ಎಸ್ಟಿಮೇಟ್ ಬರೆಸಿ, ಇಂತಿಷ್ಟು ದಾಟಿದರೆ ಕೇಳದೆ ಮುಂದುವರಿಯಬಾರದು ಎಂದು ಅದರಲ್ಲೇ ಸೇರಿಸಿ. ಆ ಮಿತಿಯ ಲೆಕ್ಕ ಹೀಗೆ: ರಿಪೇರಿಯಾದ ಮೇಲೆ ಬರುವ ಬೆಲೆಯಿಂದ, ಈಗ ಇದ್ದಂತೆ ಕೊಟ್ಟರೆ ಬರುವ ಬೆಲೆ ಕಳೆಯಿರಿ. ಅದಕ್ಕಿಂತ ಹೆಚ್ಚು ಖರ್ಚಾಗುವುದಿದ್ದರೆ ಇನ್ನೂ ಮೂರು-ನಾಲ್ಕು ವರ್ಷ ಓಡಿಸುವವರು ಮಾತ್ರ ಮುಂದುವರಿಯಬೇಕು. ಆಗ ಟೈರು, ಕ್ಲಚ್, ಬ್ಯಾಟರಿ ಸಹ ಲೆಕ್ಕಕ್ಕೆ ಬರಲಿ. ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಎಂಜಿನ್‌ಗೆ ಹಣ ಹಾಕಲೇಬೇಡಿ. 15 ವರ್ಷ ಮುಗಿದ ಕಾರಿನ ಆರ್‌ಸಿ ನವೀಕರಣ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು, ಮೇಲೆ ಹಸಿರು ತೆರಿಗೆ. ನವೀಕರಣ ಐದು ವರ್ಷಕ್ಕೆ ಮಾತ್ರ. ಸವೆತ, ಮೆಕ್ಯಾನಿಕಲ್ ಕೆಡುಕಿಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ.

ಲೇತ್‌ಗೆ ಹೋದ ಹೆಡ್‌ಗೆ ಮೊದಲು ಸೀಳು ಇದೆಯೇ ಎಂದು ನೋಡುವ ಪ್ರೆಷರ್ ಟೆಸ್ಟ್, ಆಮೇಲೆ ಫೇಸಿಂಗ್. ಇದೂ ತಿರುಗಾಮುರುಗಾ ಆದದ್ದಕ್ಕೇ ಆ ಶಿಕ್ಷಕರ ಮೊದಲ 18 ಸಾವಿರ ನೀರಿಗೆ ಹೋಯಿತು. ಹಲವು ಡೀಸೆಲ್ ಹೆಡ್‌ಗಳನ್ನು ಫೇಸಿಂಗ್ ಮಾಡಲು ಕಂಪನಿಯೇ ಒಪ್ಪುವುದಿಲ್ಲ. ಮಾಡಿದರೆ ವಾಲ್ವು-ಪಿಸ್ಟನ್ ನಡುವಿನ ಅಂತರ ಕಡಿಮೆಯಾಗುತ್ತದೆ. ಡೀಸೆಲ್‌ನಲ್ಲಿ ಗ್ಯಾಸ್ಕೆಟ್ ದಪ್ಪವೂ ಬೇರೆ ಬೇರೆ, ಅಂಚಿನ ತೂತು ಅಥವಾ ಕಚ್ಚು ನೋಡಿ ಹಳೆಯದರ ಅಳತೆಗೆ ಹೊಂದಿಸಬೇಕು. ಇಂತಿಷ್ಟು ಡಿಗ್ರಿ ತಿರುಗಿಸಿ ಬಿಗಿಸುವ ಹೆಡ್ ಬೋಲ್ಟ್‌ಗಳು ಒಮ್ಮೆ ಹಿಗ್ಗಿದರೆ ಮುಗಿಯಿತು, ಹೊಸದೇ ಬೇಕು. ಬೋಲ್ಟ್ ತೂತಿನಲ್ಲಿ ನೀರು, ಆಯಿಲ್ ನಿಂತಿರಬಾರದು. ನಿಂತಿದ್ದರೆ ಬಿಗಿಸುವಾಗ ಬ್ಲಾಕೇ ಸೀಳಬಹುದು.

ಜೋಡಿಸಿದ ಮೇಲೆ ಬೋರ್ ನೀರು ಬೇಡ. ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಿರಿ, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಮರುದಿನ ತಣ್ಣಗಿದ್ದಾಗ ಮಟ್ಟ ನೋಡಿ ತುಂಬಿಸಿ. ನೀರು ಸೇರಿದ್ದ ಎಂಜಿನ್ ಆಗಿದ್ದರೆ 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿ.