ಮೂರು ವರ್ಷ ಬಳಸಿದ 12 ಇಂಚಿನ ಸ್ಕ್ರ್ಯಾಪ್‌ಬುಕ್ ಕಿಟ್: ಕಾಗದ ಚೆನ್ನಾಗಿದೆ, ಅಂಟು ಬದಲಿಸಿಕೊಳ್ಳಿ

ಸ್ಕ್ರ್ಯಾಪ್‌ಬುಕ್ ಎಂದರೆ ಫೋಟೊಗಳನ್ನು ಅಲಂಕಾರ, ಬರವಣಿಗೆಯ ಜೊತೆ ಅಂಟಿಸಿ ಮಾಡುವ ನೆನಪಿನ ಆಲ್ಬಮ್. ಅದರ ಋತುಗಳ ಪುಟಕ್ಕೂ ಕುಟುಂಬದ ಪುಟಕ್ಕೂ ಆಗಲೆಂದು ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಟ್ಟು ಮಾರುವ 12×12 ಇಂಚಿನ ಕಿಟ್ ಇದು. ಮೂರು ವರ್ಷದಲ್ಲಿ ಇಂಥ ಮೂರು ಪೆಟ್ಟಿಗೆ ಖಾಲಿಯಾಗಿವೆ, 120 ಪುಟ ತುಂಬಿವೆ. ಹೊಸದರಲ್ಲಿ ಎಲ್ಲ ಕಿಟ್‌ಗಳೂ ಚೆಂದವೇ. ಎರಡು ಬೇಸಿಗೆ, ಎರಡು ಮಳೆಗಾಲ ದಾಟಿದ ಮೇಲೆ ಪುಟ ಹೇಗಿದೆ ಎನ್ನುವುದನ್ನು ನೋಡಿ ಬರೆದ ಅಭಿಪ್ರಾಯ ಇದು.

ಒಳಗಿರುವುದು: ಮೂರು ಡಿ-ರಿಂಗ್‌ಗಳ (D ಅಕ್ಷರದ ಆಕಾರದ ರಿಂಗು) ಆಲ್ಬಮ್, 20 ಪಾರದರ್ಶಕ ಕವರ್, 216 ಜಿಎಸ್‌ಎಂನ (ಚದರ ಮೀಟರಿಗೆ 216 ಗ್ರಾಂ ತೂಗುವ) 40 ಕಾರ್ಡ್‌ಸ್ಟಾಕ್ ಎಂಬ ದಪ್ಪ ಹಾಳೆ, ವಸಂತ, ಬೇಸಿಗೆ, ಮಳೆ, ಚಳಿ ಎಂದು ತಲಾ 12ರಂತೆ 48 ಪ್ಯಾಟರ್ನ್ ಪೇಪರ್ (ಚಿತ್ತಾರ ಅಚ್ಚಾದ ಹಾಳೆ), ಡೈ ಕಟ್ ಆಕಾರಗಳು (ಅಚ್ಚಿನಿಂದ ಕತ್ತರಿಸಿದ ಕಾಗದದ ಎಲೆ, ಕೊಂಬೆಯಂಥವು), ಚಿಪ್‌ಬೋರ್ಡ್ (ದಪ್ಪ ರಟ್ಟು) ಅಕ್ಷರಗಳು, ಹೊಳೆಯುವ ಉಬ್ಬು ಎನಾಮೆಲ್ ಚುಕ್ಕಿಗಳು, ಬ್ರಾಡ್ (ಹಿಂದೆ ಮಡಿಸುವ ಎರಡು ಕಾಲಿನ ಪಿನ್ನು), ಹತ್ತಿ ಲೇಸ್, 2 ಮಿ.ಮೀ. ದಪ್ಪದ ಫೋಮ್ ಚೌಕಗಳು, ಒಂದು ಟೇಪ್ ರನ್ನರ್ (ಎಳೆದರೆ ಅಂಟಿನ ಪಟ್ಟಿ ಬಿಡುವ ಸಾಧನ), ಒಂದು ಬಾಟಲಿ ಅಂಟು, ಕಾಗದ ಕತ್ತರಿಸಲು ಬ್ಲೇಡ್ ಸರಿಯುವ ಟ್ರಿಮ್ಮರ್.

ಮೊದಲು ಲೆಕ್ಕ ನೋಡಿ. 20 ಕವರ್ ಎಂದರೆ ಬೆನ್ನಿಗೆ ಬೆನ್ನು ಕೊಟ್ಟು 40 ಪುಟ. ತಳಕ್ಕೆ ಪುಟಕ್ಕೊಂದರಂತೆ ಕಾರ್ಡ್‌ಸ್ಟಾಕ್ ಹಾಕಿದರೆ 40 ಹಾಳೆಯೂ ಅಲ್ಲಿಗೇ ಮುಗಿಯಿತು. ಫೋಟೊ ಹಿಂದೆ ಅಂಚು ಕಾಣುವಂತೆ ಕೊಡುವ ಮ್ಯಾಟ್‌ಗೆ ಒಂದು ಹಾಳೆಯೂ ಉಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಈ ಮಾತಿಲ್ಲ. ಬಿಳಿ ಮತ್ತು ತಿಳಿ ಬೂದು ಬಣ್ಣದ ಹತ್ತು ಹಾಳೆ ಬೇರೆ ತಂದಿಟ್ಟುಕೊಳ್ಳಿ. ಇಲ್ಲವಾದರೆ ಪದರದ ಒಳಗಿನ, ಕಣ್ಣಿಗೆ ಬೀಳದ ಭಾಗವನ್ನು ಕತ್ತರಿಸಿ ತೆಗೆದು ಅದನ್ನೇ ಬಳಸಬೇಕು.

ಕತ್ತರಿಸಿ ತೆಗೆಯುವುದು ಬರೀ ಉಳಿತಾಯದ ಉಪಾಯವಲ್ಲ, ಪುಟದ ತೂಕವೂ ಇಳಿಯುತ್ತದೆ. 4×6 ಇಂಚಿನ ಫೋಟೊ ತೆಗೆದುಕೊಳ್ಳಿ. ಅದರ ಹಿಂದಿನ ಬಿಳಿ ಮ್ಯಾಟ್ 4¼×6¼ ಇಂಚು, ಅಂದರೆ ಸುತ್ತಲೂ ಸುಮಾರು 3 ಮಿ.ಮೀ. ಅಂಚು ಕಾಣುತ್ತದೆ. ಅದರ ಹಿಂದಿನ ಪ್ಯಾಟರ್ನ್ ಪೇಪರ್ 4¾×6¾ ಇಂಚು, ಕಾಣುವ ಅಂಚು ಸುಮಾರು 6 ಮಿ.ಮೀ. ಈ ಕೊನೆಯ ಪದರದ ನಡುವೆ 3¼×5¼ ಇಂಚಿನ ಕಿಟಕಿ ಕತ್ತರಿಸಿ ತೆಗೆಯಿರಿ. ಮ್ಯಾಟ್ ಅಂಟಲು ಸುತ್ತಲೂ ಅರ್ಧ ಇಂಚು ಉಳಿಯುತ್ತದೆ, ಅಷ್ಟು ಸಾಕು. ಹೊರಬಂದ ತುಂಡಿನಲ್ಲಿ ಬರವಣಿಗೆಯ ಚೀಟಿಯೋ ಎರಡು ಟ್ಯಾಗೋ ಆಗುತ್ತವೆ. ತಳದ ಹಾಳೆಗೆ ಮಾತ್ರ ಈ ಕೆಲಸ ಮಾಡಬೇಡಿ. ನಡು ಖಾಲಿಯಾದ ತಳದ ಮೇಲೆ ಫೋಮ್, ಚಿಪ್‌ಬೋರ್ಡ್ ಏರಿದರೆ ಪುಟ ಕವರಿನೊಳಗೆ ಜೋತು ಬೀಳುತ್ತದೆ.

ಟ್ರಿಮ್ಮರ್ ಮೊದಲ ಐವತ್ತು ಹಾಳೆಗೆ ಚೆನ್ನಾಗಿ ಕತ್ತರಿಸಿತು. ಆಮೇಲೆ ಅಂಚಿನಲ್ಲಿ ನಾರು ಏಳತೊಡಗಿತು. ಬ್ಲೇಡ್ ಮೊಂಡಾಗಿದೆ ಎಂದು ಬದಲಿಸಿದರೂ ನಾರು ಹೋಗಲಿಲ್ಲ. ಬ್ಲೇಡಿನ ಕೆಳಗಿರುವ ಪ್ಲಾಸ್ಟಿಕ್ ಪಟ್ಟಿಯ ಗೀರು ಅಗಲವಾಗಿತ್ತು. ಕಾಗದಕ್ಕೆ ಅಡಿಯಿಂದ ಆಸರೆ ತಪ್ಪಿ ಬ್ಲೇಡ್ ಅದನ್ನು ಗೀರಿನೊಳಕ್ಕೆ ತಳ್ಳುತ್ತಿತ್ತು. ಪಟ್ಟಿಯನ್ನು ಕಳಚಿ ತಿರುಗಿಸಿ ಹಾಕಿದಾಗ ಸರಿಹೋಯಿತು. ಪ್ಯಾಟರ್ನ್ ಇರುವ ಮುಖ ಮೇಲಿರಲಿ, ಕಾರ್ಡ್‌ಸ್ಟಾಕ್ ಆದರೆ ಹಗುರ ಒತ್ತಡದಲ್ಲಿ ಎರಡು ಸಲ ಎಳೆಯಿರಿ. ಈ ಟ್ರಿಮ್ಮರ್ ಉದ್ದದ ಹಾಳೆಯಲ್ಲಿ ಒಂದು ಮಿ.ಮೀ.ನಷ್ಟು ಓರೆ ಹೋಗುತ್ತದೆ. 6 ಮಿ.ಮೀ. ಅಂಚಿನಲ್ಲಿ ಅದು ಗೊತ್ತಾಗುವುದಿಲ್ಲ, 3 ಮಿ.ಮೀ. ಅಂಚಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಸಣ್ಣ ಮ್ಯಾಟ್‌ಗಳನ್ನು ಸ್ಟೀಲ್ ಸ್ಕೇಲ್ ಮತ್ತು ಕ್ರಾಫ್ಟ್ ಚಾಕುವಿನಿಂದ ಕತ್ತರಿಸುವುದೇ ಒಳ್ಳೆಯದು.

ಕಾಗದದ ವಿಷಯದಲ್ಲಿ ಈ ಕಿಟ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಕಾರ್ಡ್‌ಸ್ಟಾಕ್ ಒಳಗೂ ಹೊರಗೂ ಒಂದೇ ಬಣ್ಣ, ಮಡಿಸಿದರೆ ಬಿಳಿ ಗೆರೆ ಬರುವುದಿಲ್ಲ. ಆಮ್ಲರಹಿತ, ಲಿಗ್ನಿನ್‌ರಹಿತ ಎಂದು ಬರೆದಿದ್ದಾರೆ. ಲಿಗ್ನಿನ್ ಮರದ ತಿರುಳಿನಲ್ಲಿ ಇರುವ ವಸ್ತು. ಬೆಳಕು, ಗಾಳಿ ತಾಗಿ ಹಳದಿಗಟ್ಟುವುದು ಅದರಿಂದಲೇ. ಹಳೆಯ ಪತ್ರಿಕೆಯ ಕಾಗದ ಕಂದುವುದಕ್ಕೂ ಅದೇ ಕಾರಣ. ಆಮ್ಲ ಇದೆಯೇ ಎಂದು ಬಣ್ಣದಿಂದ ತೋರಿಸುವ ಪಿಎಚ್ ಪೆನ್ನಿನಿಂದ ಚೂರುಗಳ ಮೇಲೆ ಗೀಚಿ ನೋಡಿದಾಗ ಕಾರ್ಡ್‌ಸ್ಟಾಕ್, ಪ್ಯಾಟರ್ನ್ ಪೇಪರ್ ಎರಡರಲ್ಲೂ ಗೆರೆ ನೇರಳೆಯಾಯಿತು, ಅಂದರೆ ಆಮ್ಲವಿಲ್ಲ. ಚಿಪ್‌ಬೋರ್ಡ್ ಅಕ್ಷರವನ್ನು ಸೀಳಿ ಒಳಗಿನ ಬೂದು ಪದರಕ್ಕೆ ಗೀಚಿದರೆ ಗೆರೆ ಹಳದಿಯಾಗಿಯೇ ಉಳಿಯಿತು. ಆ ಅಕ್ಷರಗಳು ಫೋಟೊವನ್ನು ನೇರವಾಗಿ ಮುಟ್ಟದಂತೆ ಕೆಳಗೆ ಅದೇ ಅಳತೆಯ ಕಾರ್ಡ್‌ಸ್ಟಾಕ್ ಕೊಡಿ. ಈ ಪೆನ್ನು ಆಮ್ಲವನ್ನಷ್ಟೇ ತೋರಿಸುತ್ತದೆ, ಲಿಗ್ನಿನ್ ತೋರಿಸುವುದಿಲ್ಲ. ಅದರ ಗುರುತೂ ಅಳಿಸುವುದಿಲ್ಲ, ಹಾಗಾಗಿ ಚೂರಿನ ಮೇಲೆಯೇ ಪರೀಕ್ಷೆ ಮಾಡಿ.

ಅಂಟಿನ ವಿಷಯದಲ್ಲಿ ಕಿಟ್ ಕೈಕೊಟ್ಟಿದೆ. ಟೇಪ್ ರನ್ನರ್ ನುಣುಪು ಕಾಗದದ ಮೇಲೆ ಹಿಡಿಯುತ್ತದೆ. ಉಬ್ಬುತಗ್ಗು ಇರುವ ಕಾರ್ಡ್‌ಸ್ಟಾಕ್ ಮೇಲೆ ಅದು ಉಬ್ಬುಗಳಿಗಷ್ಟೇ ತಾಗುತ್ತದೆ, ಮೊದಲ ಬೇಸಿಗೆಯಲ್ಲೇ ಮೂಲೆಗಳು ಎದ್ದವು. ಈಗ ಬಳಸುವುದು 6 ಮಿ.ಮೀ. ಅಗಲದ ಆಮ್ಲರಹಿತ ಡಬಲ್ ಸೈಡ್ ಟೇಪ್. ಅಂಚಿನಿಂದ 2–3 ಮಿ.ಮೀ. ಒಳಗೆ ನಾಲ್ಕೂ ಬದಿಗೆ ಹಾಕಿ, ಮೂಲೆಗಳಲ್ಲಿ ಟೇಪ್ ಒಂದಕ್ಕೊಂದು ಕೂಡಲಿ, ನಂತರ ಬೋನ್ ಫೋಲ್ಡರ್‌ನಿಂದ (ಕಾಗದ ಒತ್ತಿ ಮಡಿಸಲು ಬಳಸುವ ಮೊಂಡು ಅಂಚಿನ ಪಟ್ಟಿ) ಉಜ್ಜಿ. ಈ ಅಂಟು ಒತ್ತಿದಷ್ಟೂ ಹಿಡಿಯುತ್ತದೆ.

ಬಾಟಲಿಯ ಅಂಟಿನಲ್ಲಿ ನೀರು ಜಾಸ್ತಿ. ನೀರು ಕುಡಿದ ನಾರು ಅಗಲಕ್ಕೆ ಊದುತ್ತದೆ, ಹಿಂದೆ ಒದ್ದೆ, ಮುಂದೆ ಒಣ, ಕಾಗದ ಸುರುಳಿಯಾಗುತ್ತದೆ. ಪೂರ್ತಿ ಬಳಿಯದೆ ಅಂಚಿಗೆ ದಾರದಷ್ಟು ಸಣ್ಣ ಗೆರೆ, ನಡುವೆ ನಾಲ್ಕೈದು ಚುಕ್ಕಿ ಇಡಿ. ಮೇಲೊಂದು ಕೆಳಗೊಂದು ಬಟರ್ ಪೇಪರ್ ಇಟ್ಟು ಭಾರದ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಬಿಡಿ. ಲೇಸ್, ಬಟನ್, ಡೈ ಕಟ್ ಕೊಂಬೆಗಳಂಥವಕ್ಕೆ ಈ ಅಂಟು ಬೇಕೇ ಬೇಕು, ಟೇಪ್ ಅಲ್ಲಿಗೆ ಹೋಗುವುದಿಲ್ಲ. ಟ್ರೇಸಿಂಗ್ ಪೇಪರ್‌ನಂಥ ಅರೆಪಾರದರ್ಶಕ ಹಾಳೆಗೆ ಮಾತ್ರ ಎರಡೂ ಬೇಡ, ಹಿಂದಿನ ಅಂಟು ಮುಂದೆ ಕಾಣುತ್ತದೆ. ಮೇಲೆ ಅಲಂಕಾರ ಕೂರುವ ಜಾಗದಲ್ಲಷ್ಟೇ ಅಂಟು ಕೊಟ್ಟು ಮುಚ್ಚಿ.

ಫೋಮ್ ಚೌಕಗಳೇ ಈ ಕಿಟ್‌ನ ದೊಡ್ಡ ದೋಷ. ಎರಡನೇ ವರ್ಷಕ್ಕೆ ಹಳದಿಯಾದವು, ಬದಿಗಳಿಂದ ಅಂಟು ಜಿನುಗಿ ಕವರಿನ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡಿತು, ಪುಟ ಹೊರತೆಗೆಯುವಾಗ ಡೈ ಕಟ್ ಎಲೆಗಳು ಕಿತ್ತು ಬಂದವು. ಮಾರಿದವರಿಗೆ ತಿಳಿಸಿದಾಗ ಅದೇ ಫೋಮ್‌ನ ಇನ್ನೊಂದು ಪೊಟ್ಟಣ ಕಳಿಸಿದರು. ಬೇರೆ ಕಡೆಯಿಂದ ಆಮ್ಲರಹಿತ ಎಂದು ನಮೂದಿಸಿದ 1 ಮಿ.ಮೀ. ಫೋಮ್ ತಂದುಕೊಳ್ಳಿ. ಅಂಚಿನಿಂದ 5 ಮಿ.ಮೀ. ಒಳಗಿಟ್ಟರೆ ಬದಿಯಿಂದ ಕಾಣುವುದಿಲ್ಲ, ಜಿನುಗಿದರೂ ಹೊರಗೆ ಬರುವುದಿಲ್ಲ. ದೊಡ್ಡ ತುಂಡಿಗೆ 4 ಸೆಂ.ಮೀ.ಗೊಂದು, ನಡುವೆ ತಪ್ಪದೆ ಒಂದು. ನಡುವೆ ಬಿಟ್ಟರೆ ತಿಂಗಳೊಳಗೆ ಫೋಟೊ ತಗ್ಗುತ್ತದೆ. ನೇರ ಕೂರಿಸಲು ಕಷ್ಟವಾದರೆ ಪ್ರತಿ ಚೌಕದ ಮೇಲೆ ಸಾಸಿವೆ ಕಾಳಿನಷ್ಟು ದ್ರವ ಅಂಟು ಇಡಿ, ಅದು ಹಿಡಿಯುವ ಮುನ್ನ ಜಾರಿಸಿ ಸರಿಮಾಡಲು ಕೆಲವು ಕ್ಷಣ ಸಿಗುತ್ತವೆ.

ಫೋಮ್ ಎಷ್ಟು ಬಳಸಬೇಕೆಂದು ಹೇಳುವುದು ಆಲ್ಬಮ್‌ನ ರಿಂಗು. ಈ ರಿಂಗಿನ ಒಳಜಾಗ 50 ಮಿ.ಮೀ. ತಳ, ಮ್ಯಾಟ್, ಪ್ಯಾಟರ್ನ್, ಫೋಟೊ ಸೇರಿ ಚಪ್ಪಟೆ ಪುಟ ಸುಮಾರು 1 ಮಿ.ಮೀ. ದಪ್ಪ. ಎರಡು ಪುಟ ಮತ್ತು ಕವರ್ ಸೇರಿ 2.2 ಮಿ.ಮೀ. ಎಂದರೆ 20 ಕವರಿಗೆ 44 ಮಿ.ಮೀ.; ಆಲ್ಬಮ್ ಸಲೀಸಾಗಿ ಮುಚ್ಚುತ್ತದೆ. ಪ್ರತಿ ಪುಟಕ್ಕೂ 2 ಮಿ.ಮೀ. ಫೋಮ್ ಏರಿಸಿದರೆ ಅದೇ 20 ಕವರ್ 124 ಮಿ.ಮೀ. ಆಗುತ್ತದೆ. ಮೊದಲ ಪೆಟ್ಟಿಗೆಯ ಆಲ್ಬಮ್ 11ನೇ ಕವರಿಗೇ ಬಾಯಿ ಬಿಟ್ಟಿದ್ದು ಇದಕ್ಕೇ. ಮೂರು ಪುಟಕ್ಕೊಂದರಲ್ಲಿ ಮಾತ್ರ ಫೋಮ್ ಹಾಕಿ. ಒಂದರಲ್ಲಿ ಮೇಲಿನ ಎಡಕ್ಕೆ, ಮುಂದಿನದರಲ್ಲಿ ಕೆಳಗಿನ ಬಲಕ್ಕೆ ಎಂದು ಜಾಗ ಬದಲಿಸುತ್ತ ಹೋಗಿ. ಉಬ್ಬುಗಳೆಲ್ಲ ಒಂದರ ಮೇಲೊಂದು ಬಿದ್ದರೆ ಎದುರಿನ ಪುಟದ ಫೋಟೊ ಮೇಲೆ ಅಚ್ಚೊತ್ತಿದ ಹಾಗೆ ಗುಳಿ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಇನ್ನು ವಿನ್ಯಾಸ. 48 ಪ್ಯಾಟರ್ನ್‌ಗಳಲ್ಲಿ ದೊಡ್ಡ ಹೂವು, ದೊಡ್ಡ ಎಲೆಗಳದೇ ಮುಕ್ಕಾಲು ಪಾಲು. ಒಂದೊಂದೇ ನೋಡಿದರೆ ಸೊಗಸು. ಎರಡು ಸೇರಿದರೆ ಫೋಟೊ ಎಲ್ಲಿದೆಯೆಂದು ಹುಡುಕಬೇಕು. ಪುಟಕ್ಕೆ ದೊಡ್ಡ ಪ್ಯಾಟರ್ನ್ ಒಂದು, ಮಧ್ಯಮ ಒಂದು, ಚುಕ್ಕಿ ಅಥವಾ ಪಟ್ಟೆಯಂಥ ಸಣ್ಣದೊಂದು, ಮಿಕ್ಕಿದ್ದು ಸಾದಾ. ದೊಡ್ಡದನ್ನು ಪೂರ್ತಿ ಹಾಳೆಯಾಗಿ ಹಾಕದೆ 12×4 ಇಂಚಿನ ಪಟ್ಟಿ ಮಾಡಿ ಪುಟದ ಮೇಲಿನ ಮೂರನೇ ಒಂದು ಭಾಗಕ್ಕೆ ಕೂರಿಸಿದರೆ ಒಂದು ಹಾಳೆ ಮೂರು ಪುಟಕ್ಕೆ ಬರುತ್ತದೆ.

ಮಳೆಯ ಪುಟದಲ್ಲಿ ಹರಿದ ಕಾಗದ ಚೆನ್ನಾಗಿ ಒಪ್ಪುತ್ತದೆ. ತಳ ಬೂದು ಮಿಶ್ರಿತ ನೀಲಿ, ಅದರ ಮೇಲೆ ಗಾಢದಿಂದ ತಿಳಿಗೆ ಇಳಿಯುವ ನಾಲ್ಕು ಪಟ್ಟಿ, ಪ್ರತಿಯೊಂದೂ 2 ಇಂಚು, ಒಂದರ ಮೇಲೊಂದು ಅರ್ಧ ಇಂಚು ಹತ್ತಿಕೊಂಡಿರಲಿ. ಒಂದೇ ಮುಖಕ್ಕೆ ಅಚ್ಚಾದ ಪ್ಯಾಟರ್ನ್ ಪೇಪರ್ ಹರಿದಾಗ ಒಂದು ತುಂಡಿನ ಮುಂಭಾಗದಲ್ಲಿ ಬಿಳಿ ಅಂಚು ತೆರೆದುಕೊಳ್ಳುತ್ತದೆ, ಇನ್ನೊಂದು ತುಂಡಿನಲ್ಲಿ ಅದು ಹಿಂದಕ್ಕೆ ಹೋಗುತ್ತದೆ. ಬಿಳಿ ಅಂಚು ನೀರಿನ ನೊರೆಯ ಹಾಗೆ ಕಾಣುವುದರಿಂದ ಮೊದಲ ತುಂಡನ್ನೇ ಇಟ್ಟುಕೊಳ್ಳಿ. ಕಾಗದದ ನಾರು ಸಾಗುವ ದಿಕ್ಕಿನಲ್ಲಿ ಹರಿದರೆ ಗೆರೆ ನೇರ ಬರುತ್ತದೆ, ಅಡ್ಡ ಹರಿದರೆ ಹಲ್ಲುಹಲ್ಲಾಗುತ್ತದೆ. ದಿಕ್ಕು ತಿಳಿಯಲು ಹಾಳೆಯನ್ನು ಎರಡೂ ಕಡೆ ಹಗುರವಾಗಿ ಬಾಗಿಸಿ ನೋಡಿ, ಸುಲಭವಾಗಿ ಬಾಗಿದಾಗ ಬಾಗಿನ ಗೆರೆ ಸಾಗುವುದೇ ನಾರಿನ ದಿಕ್ಕು. ಬೇಕಾದ ಕಡೆಯಷ್ಟೇ ಹರಿಯಬೇಕೆಂದರೆ ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಅರ್ಧ ನಿಮಿಷ ಬಿಟ್ಟು ಹರಿಯಿರಿ. ಹನಿಗಳಿಗೆ ಎನಾಮೆಲ್ ಚುಕ್ಕಿ ಸಾಕು: ಮೂರು ಕಡೆ, ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ಮೂರು. ಈ ಚುಕ್ಕಿಗಳ ಅಂಟು ಮೂರು ವರ್ಷವಾದರೂ ಬಿಟ್ಟಿಲ್ಲ.

ಕುಟುಂಬದ ಪುಟದಲ್ಲಿ ಅಲಂಕಾರಕ್ಕಿಂತ ಬರವಣಿಗೆ ಮುಖ್ಯ. 4×6ರ ಒಂದು ದೊಡ್ಡ ಫೋಟೊ, 3×3ರ ಎರಡು ಸಣ್ಣವು, ಬರೆಯಲು ಕಡಿಮೆಯೆಂದರೂ 3×4 ಇಂಚು ಜಾಗ. ಅಲಂಕಾರವನ್ನು ಮೂರು ಗುಂಪು ಮಾಡಿ ತ್ರಿಕೋನದಂತೆ ಇಡಿ, ದೊಡ್ಡ ಗುಂಪು ದೊಡ್ಡ ಫೋಟೊದ ಮೂಲೆಗೆ ಅಂಟಿಕೊಂಡಿರಲಿ. ಫೋಟೊದಲ್ಲಿರುವವರ ಮುಖ ಪುಟದ ಒಳಕ್ಕೆ ತಿರುಗಿರಬೇಕು, ಹೊರಗೆ ನೋಡುವ ಮುಖ ನಮ್ಮ ಕಣ್ಣನ್ನೂ ಪುಟದಿಂದಾಚೆ ಎಳೆಯುತ್ತದೆ. ಎಡದಿಂದ ಬಲಕ್ಕೆ ಎಲ್ಲರ ಪೂರ್ಣ ಹೆಸರು, ಸಂಬಂಧ, ಊರು, ಇಸವಿ ಬರೆಯಿರಿ. ಬರೀ ‘ಅಜ್ಜಿ’ ಎಂದು ಬರೆದರೆ ಮುಂದಿನ ತಲೆಮಾರಿಗೆ ಯಾರ ಅಜ್ಜಿ ಎಂದು ತಿಳಿಯುವುದಿಲ್ಲ. ಬರೆಯಲು ಬೇಗ ಮಾಸದ ಪಿಗ್ಮೆಂಟ್ ಇಂಕ್ ಪೆನ್ನೇ ಇರಲಿ. ಕಿಟ್‌ನಲ್ಲಿ ಪೆನ್ನು ಇಲ್ಲ, ಕೊಡಬೇಕಿತ್ತು.

ಹಳೆಯ ಮೂಲ ಫೋಟೊವನ್ನು ಕತ್ತರಿಸುವುದೂ ಬೇಡ, ಅಂಟಿಸುವುದೂ ಬೇಡ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಬಳಸಿ. ಮೂಲವನ್ನೇ ಇಡಬೇಕೆಂದಿದ್ದರೆ ಮೂಲೆಗಳನ್ನಷ್ಟೇ ಹಿಡಿದಿಡುವ ಕಾಗದದ ಫೋಟೊ ಕಾರ್ನರ್ ಸಾಕು. ಹಳೆಯ ಅಂಟು ಹಾಳೆಯ ಆಲ್ಬಮ್‌ನಿಂದ ಫೋಟೊ ಬಿಡಿಸುವಾಗ ಎಳೆಯಬೇಡಿ. ಡೆಂಟಲ್ ಫ್ಲಾಸ್ ಅನ್ನು ಫೋಟೊ ಹಿಂದೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿ.

ಬ್ರಾಡ್‌ಗಳ ಕಾಲು ಹಿಂಬದಿಯಲ್ಲಿ ಚೂಪಾಗಿ ನಿಲ್ಲುತ್ತವೆ. ಮಡಿಸಿ ಒತ್ತಿ, ಮೇಲೊಂದು ಕಾರ್ಡ್‌ಸ್ಟಾಕ್ ತುಂಡು ಅಂಟಿಸಿ. ಬಿಟ್ಟರೆ ಬೆನ್ನಿಗಿರುವ ಪುಟವನ್ನು ಕೊರೆಯುತ್ತವೆ. ಪ್ಯಾಟರ್ನ್ ಪೇಪರ್‌ನ ಒಂದು ಬದಿಗೆ ವಿನ್ಯಾಸದ ಹೆಸರು ಅಚ್ಚಾದ ಅರ್ಧ ಇಂಚಿನ ಅಂಚು ಹೆಚ್ಚುವರಿಯಾಗಿ ಇರುತ್ತದೆ, ಅದನ್ನು ಕತ್ತರಿಸದೆ ಕವರಿಗೆ ತೂರಿಸಲು ಹೋಗಬೇಡಿ. ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ತಳದಿಂದ ಮೇಲಕ್ಕೆ ಒಂದೊಂದೇ ಅಂಟಿಸುತ್ತ ಬನ್ನಿ.

ಕವರ್‌ಗಳು ಪಾಲಿಪ್ರೊಪಿಲೀನ್, ಅದು ಸರಿಯಾದ ಆಯ್ಕೆ. ಪಿವಿಸಿ ಆಗಿದ್ದರೆ ಕಾಲ ಹೋದಂತೆ ಅದನ್ನು ಮೆದುವಾಗಿಸುವ ವಸ್ತು ಹೊರಬಂದು ಫೋಟೊ ಮೇಲೆ ಜಿಡ್ಡು ಕೂರುತ್ತದೆ, ಆಮ್ಲವೂ ಬಿಡುತ್ತದೆ. ಮೂಗಿಗೆ ಹಿಡಿದರೆ ಹೊಸ ರೇನ್‌ಕೋಟ್ ವಾಸನೆ ಬರುವ ಕವರ್ ಯಾವ ಬೆಲೆಗೂ ಬೇಡ. ಭಾರದ ಪುಟವಿಟ್ಟ ಮೂರು ಕವರ್‌ಗಳ ತಳದ ಬೆಸುಗೆ ಬಿಟ್ಟಿದೆ. ಆಲ್ಬಮ್ ನಿಲ್ಲಿಸಿಟ್ಟಿದ್ದೇ ಕಾರಣ. ಅಲಂಕಾರ ಹೆಚ್ಚಿರುವ ಆಲ್ಬಮ್‌ಗಳನ್ನು ಮಲಗಿಸಿಡಿ, ಒಂದರ ಮೇಲೆ ಇನ್ನೊಂದು ಪೇರಿಸಬೇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಹೆಚ್ಚುವರಿ ಕವರ್ ಕೊಳ್ಳುವ ಮುನ್ನ ರಿಂಗಿನಿಂದ ರಿಂಗಿಗೆ ಇರುವ ಅಂತರವನ್ನು ನಡುವಿನಿಂದ ನಡುವಿಗೆ ಅಳೆದುಕೊಳ್ಳಿ. ಪೊಟ್ಟಣದ ಮೇಲೆ 12×12 ಎಂದಿದ್ದರೂ ರಂಧ್ರಗಳ ಅಂತರ ಎಲ್ಲದರಲ್ಲೂ ಒಂದೇ ಅಲ್ಲ. ಎರಡನೇ ಸಲ ತರಿಸಿದ ಹತ್ತು ಕವರ್ ಕೂರಲಿಲ್ಲ, ಹೊಸ ರಂಧ್ರ ಹೊಡೆದಲ್ಲಿ ಪ್ಲಾಸ್ಟಿಕ್ ಎರಡು ತಿಂಗಳಲ್ಲಿ ಸೀಳಿತು.